ಬೆಲ್ ಬಾಟಮ್ ಕ್ರಾಂತಿ

ಇನ್ನು ಮುಂದೆ ನನ್ನನ್ನು ನೋಡಿದವರು ಇನ್ನೊಮ್ಮೆ ತಿರುಗಿ ನೋಡಲೇಬೇಕು! ನಲವತ್ತೊಂಬತ್ತನೆಯ ವಯಸ್ಸಿನಲ್ಲಿ, ವಿಮಾ ಕಚೇರಿಯ ಫೈಲುಗಳ ನಡುವೆ ಕುಳಿತು ನಾನು ಕೈಗೊಂಡ ಘನ ನಿರ್ಧಾರವಿದು. ಪತ್ರಿಕೆಯ ಫ್ಯಾಷನ್ ಪುಟ ಸಾರಿ ಹೇಳಿತ್ತು: ಎಪ್ಪತ್ತರ ದಶಕದ ಚಳವಳಿಗಾರರ ಉಡುಪು ಮತ್ತೆ ಬಂದಿದೆ, ಗಂಡಸರೇ, ಏಳಿ!

ಎದ್ದೆ. ದರ್ಜಿಯ ಹತ್ತಿರ ಬೆಲ್ ಬಾಟಮ್ ಹೊಲಿಸಿದೆ. ಆನೆಕಿವಿಯಂಥ ಕಾಲರಿನ ಶರ್ಟು, ಅದರ ಮೇಲೊಂದು ಜಾಕೆಟ್ಟು, ಎದೆಗೆ ಬಿಗಿಮುಷ್ಟಿಯ ಕೆಂಪು ಬ್ಯಾಡ್ಜು, ತಲೆಗೆ ಓರೆ ಟೋಪಿ. ಸೋಮವಾರ ಬೆಳಿಗ್ಗೆ ಕೋಣೆಯಿಂದ ಹೊರಬಂದರೆ ಹೆಂಡತಿ ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದಳು.

“ಯಾರವಳು?”

“ಯಾರೂ ಇಲ್ಲ ಕಣೇ! ಇದು ವ್ಯವಸ್ಥೆಯ ವಿರುದ್ಧದ ಉಡುಪು!”

“ಇಪ್ಪತ್ತು ವರ್ಷ ಒಂದೇ ಬೂದು ಪ್ಯಾಂಟಲ್ಲಿ ಓಡಾಡಿದೋರು ಈಗ ಯಾವ ವ್ಯವಸ್ಥೆ ಮಾಡ್ಕೊಂಡಿದೀರಿ? ಆ ಪ್ಯಾಂಟಿನ ಒಂದೊಂದು ಕಾಲಲ್ಲೂ ಒಂದೊಂದು ಸಂಸಾರ ಹೂಡಬಹುದು! ರಾತ್ರಿ ಎಂಟರವರೆಗೂ ಆಫೀಸಲ್ಲಿ ಕೆಲಸ ಅಂತೆ, ಕೆಲಸ!”

ನಾನು ಟೋಪಿಯನ್ನು ಇನ್ನಷ್ಟು ಓರೆ ಮಾಡಿಕೊಂಡು ಬಸ್ಸು ಹತ್ತಿದೆ.

ಕಚೇರಿಗೆ ಕಾಲಿಟ್ಟೊಡನೆ ಕೀಬೋರ್ಡುಗಳ ಸದ್ದು ನಿಂತಿತು. ಕ್ಯಾಷಿಯರ್ ನನ್ನ ಎದೆಯ ಮುಷ್ಟಿಯನ್ನು ನೋಡಿ, ಕಿವಿಯ ಬಳಿ ಬಗ್ಗಿ ಪಿಸುಗುಟ್ಟಿದ.

“ಮುಷ್ಕರ ಯಾವಾಗ ಸಾರ್? ಬೆಲ್ ಹೊಡೆಯೋದು ಎಷ್ಟು ಗಂಟೆಗೆ?”

“ಅಯ್ಯೋ, ಇದು ಬರೀ ಫ್ಯಾಷನ್ ಕಣ್ರೀ!”

“ಅರ್ಥ ಆಯ್ತು. ಈಗಲೇ ಬಾಯಿಬಿಡೋದು ಬೇಡ,” ಎಂದು ಕಣ್ಣು ಮಿಟುಕಿಸಿದ. ಅರ್ಧ ಗಂಟೆಯಲ್ಲಿ ಇಡೀ ಕಚೇರಿ ನನ್ನತ್ತ ಕಣ್ಣು ಮಿಟುಕಿಸತೊಡಗಿತು. ಒಂದು ಗಂಟೆಯಲ್ಲಿ ಮ್ಯಾನೇಜರನ ಕರೆ ಬಂತು.

ಆತ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದ. “ನೇರವಾಗಿ ಹೇಳ್ರೀ. ನಿಮ್ಮ ಬೇಡಿಕೆ ಏನು?”

“ಏನೂ ಇಲ್ಲ ಸಾರ್.”

ಆತನ ಮುಖ ಬಿಳಿಚಿತು. “ಬೇಡಿಕೆ ಇರೋರನ್ನ ಹೇಗೋ ಸಮಾಧಾನ ಮಾಡಬಹುದು. ಏನೂ ಬೇಡ ಅಂತಾರಲ್ಲ, ಅವರೇ ಅಪಾಯ! ನಿಜ ಹೇಳದಿದ್ರೆ ಇವತ್ತೇ ಸಸ್ಪೆಂಡ್. ಯಾರ್ರೀ ಇದಾರೆ ನಿಮ್ಮ ಹಿಂದೆ?”

ತಿರುಗಿ ನೋಡಿದೆ. ನಿಜವಾಗಿಯೂ ಇದ್ದರು! ಬಾಗಿಲಲ್ಲಿ ನನ್ನ ಹೆಂಡತಿ! ‘ಅವಳನ್ನು’ ಕೈಯಾರೆ ಹಿಡಿಯಲೆಂದು ಮುಂದಿನ ಬಸ್ಸಿಗೇ ಬಂದಿದ್ದಳು. ಅವಳ ಹಿಂದೆ ಕುತೂಹಲದಿಂದ ಇಡೀ ಕಚೇರಿ.

“ಇವರು ದಿನಾ ಎಂಟರವರೆಗೂ ಇಲ್ಲೇ ಇರ್ತಾರಾ?” ಎಂದು ಮ್ಯಾನೇಜರನ್ನೇ ಕೇಳಿದಳು.

“ಹೌದಮ್ಮಾ... ಫೈಲು ಜಾಸ್ತಿ...”

ಅವಳ ಮುಖದಲ್ಲಿ ಒಂದು ಕ್ಷಣ ನೆಮ್ಮದಿ ಕಂಡಿತು. ಮರುಕ್ಷಣವೇ ಸಿಡಿದಳು. “ಹಾಗಾದ್ರೆ ತಪ್ಪು ನಿಮ್ಮದು! ನಾನು ಈ ಪಾಪದ ಮನುಷ್ಯನ ಮೇಲೆ ಎಷ್ಟು ಅನುಮಾನಪಟ್ಟೆ! ಇನ್ಮೇಲೆ ಎಲ್ಲರನ್ನೂ ಐದೂವರೆಗೆ ಬಿಡಿ. ಮೊದಲು ತಿರುಗದೆ ನಿಂತಿರೋ ಆ ಫ್ಯಾನು ರಿಪೇರಿ ಮಾಡಿಸಿ. ಈ ಸೆಕೆಯಲ್ಲಿ ಯಾರ ತಲೆ ಕೆಡಲ್ಲ? ಇವರ ಅವತಾರ ನೋಡಿ!”

“ಆಗಲಿ ಅಮ್ಮಾ,” ಎಂದ ಮ್ಯಾನೇಜರ್. ಹದಿನೈದು ವರ್ಷದಲ್ಲಿ ನನಗೊಮ್ಮೆಯೂ ಹೇಳದ ಮಾತು!

ಹೊರಗೆ ಜಯಕಾರ ಎದ್ದಿತು. ನಾನು ಗಂಭೀರವಾಗಿ ಟೋಪಿ ಸರಿಮಾಡಿಕೊಂಡು ಬಾಗಿಲತ್ತ ನಡೆದೆ. ಕ್ಯಾಷಿಯರ್ ಮೆಲ್ಲಗೆ ನನ್ನ ತೋಳು ಹಿಡಿದ.

“ಸ್ವಲ್ಪ ಪಕ್ಕಕ್ಕೆ ನಿಲ್ಲಿ ಸಾರ್. ನಾಯಕಿಯವರು ಬರ್ತಿದಾರೆ.”

ಈಗ ಪ್ರತಿ ಭಾನುವಾರ ನನ್ನ ಸಹೋದ್ಯೋಗಿಗಳೆಲ್ಲ ನಮ್ಮ ಮನೆಯಲ್ಲೇ ಸೇರುತ್ತಾರೆ. ಮೊನ್ನೆ ಧೈರ್ಯ ಮಾಡಿ ಅಂಗಳದಿಂದಲೇ ತಲೆ ಒಳಗೆ ಹಾಕಿದೆ. “ನನಗೂ ಒಂದು ಲೋಟ ಕಾಫಿ...”

ಹೆಂಡತಿ ಕಾಗದಗಳಿಂದ ತಲೆ ಎತ್ತಲಿಲ್ಲ.

“ಬರೆದು ಕೊಡಿ. ಸಭೆ ಮುಂದೆ ಇಡ್ತೀನಿ.”