ಹರಕೆ ಅವಳದು, ಕಾಲು ನನ್ನದು

ಇಪ್ಪತ್ತೆರಡು ವರ್ಷದಿಂದ ಕುಮಟಾ–ಭಟ್ಕಳ ಬಸ್ಸಿನ ಕಂಡಕ್ಟರ್ ನಾನು. ದಿನಕ್ಕೊಂದು ಫಜೀತಿ ಇದ್ದದ್ದೇ. ಆದರೆ ಅದೆಲ್ಲ ಬಸ್ಸಿನೊಳಗಿನ ಫಜೀತಿ. ಕೆಳಗಿಳಿದು ನಡೆದರೆ ಅದಕ್ಕಿಂತ ದೊಡ್ಡವು ಕಾದಿರುತ್ತವೆ ಅಂತ ಗೊತ್ತಾದದ್ದು ಈ ವರ್ಷ.

ಕೇಳೂದು ಹೆಂಗೆ?

ಮಗಳ ಹೆರಿಗೆ ಕಷ್ಟಕ್ಕಿಟ್ಟುಕೊಂಡಿತ್ತು. ನಾನು ಆಸ್ಪತ್ರೆಯ ಪಡಸಾಲೆಯಲ್ಲಿ ಮುಖಕ್ಕೆ ಟವೆಲ್ ಒತ್ತಿ ಕೂತಿದ್ದೆ. ಪಕ್ಕದಲ್ಲಿ ನನ್ನ ಹೆಂಡತಿ ಕಣ್ಣುಮುಚ್ಚಿ ಗಟ್ಟಿಯಾಗಿಯೇ ಹೇಳಿಕೊಂಡಳು: "ಕೊಲ್ಲೂರಮ್ಮಾ, ತಾಯಿ–ಮಗು ಸುಸೂತ್ರ ಕೈಗೆ ಬಂದ್ರೆ ನಮ್ಮನೆಯವರು ಕುಮಟೆಯಿಂದ ನಿನ್ನ ಬಾಗಿಲ ತನಕ ಬರಿಗಾಲಲ್ಲಿ ನಡ್ಕಂಡು ಬರ್ತಾರೆ. ಅವರು ಬಂದು ಮುಟ್ಟಿದ ಮೇಲೇ ಮಗುವಿನ ಬಾಯಿಗೆ ಮೊದಲ ಅನ್ನ."

ದೇವಿ ಕೈಬಿಡಲಿಲ್ಲ. ಮೊಮ್ಮಗಳನ್ನು ಎತ್ತಿಕೊಂಡ ಮೇಲೆ ನನಗೆ ಮಾತು ಬಂತು. "ಎಂತದೇ ಇದು! ಕಾಲು ನಂದು, ನನ್ನ ಒಂದು ಮಾತು ಕೇಳಬೇಡವನೇ?"

"ಕೇಳೂದು ಹೆಂಗೆ? ಆಗ ನೀವು ಅಳ್ತಾ ಇದ್ರಿ."

ಆರೂ ಇಪ್ಪತ್ತಕ್ಕೆ ಹಳದೀಪುರ

ಮಗುವಿಗೆ ಆರು ತಿಂಗಳು ತುಂಬುತ್ತ ಬಂತು. ಭಾನುವಾರ ಹನ್ನೊಂದಕ್ಕೆ ಕೊಲ್ಲೂರಲ್ಲಿ ಅನ್ನಪ್ರಾಶನದ ಮುಹೂರ್ತ. ನನ್ನ ರಜೆ ಅರ್ಜಿ ಮಾತ್ರ ಇನ್ನೂ ಡಿಪೋ ಸಾಹೇಬರ ಮೇಜಿನ ಮೇಲೇ ಇತ್ತು.

"ಕೊಲ್ಲೂರಿಗೆ ನಾಕು ದಿನ ಎಂತಕ್ಕೆ ಮಾರಾಯ?" ಅಂದರು ಸಾಹೇಬರು.

"ನಡ್ಕಂಡು ಹೋಗೂದು ಸಾರ್."

"ನಡ್ಕಂಡಾ? ಬಸ್ ಪಾಸ್ ಕಳಕಂಡ್ಯಾ?"

ಕಡೆಗೆ ಮೂರು ದಿನ ಸಿಕ್ಕಿತು. ಭಾನುವಾರ ಹೇಗೂ ವಾರದ ರಜೆ. ದಾರಿ ನೂರು ಕಿಲೋಮೀಟರಿನ ಆಚೀಚೆ. ಒಂದು ತಾಸೂ ಪೋಲು ಮಾಡುವಂತಿಲ್ಲ. ಕೂತು ಕರಾರುವಾಕ್ಕಾಗಿ ಟೈಮ್ ಬರೆದು ಹೆಂಡತಿಗೆ ತೋರಿಸಿದೆ.

ಅವಳು ಓದಿದಳು. "ಕುಮಟಾ ಆರು ಗಂಟೆ. ಹಳದೀಪುರ ಆರೂ ಇಪ್ಪತ್ತು. ಹೊನ್ನಾವರ ಆರೂ ನಲವತ್ತು, ಹತ್ತು ನಿಮಿಷ ಚಾ. ಇದು ನಿಮ್ಮ ಬಸ್ಸಿನ ಟೈಮಲ್ದಾ?"

ಹೌದೇ ಹೌದು! ಇಪ್ಪತ್ತೆರಡು ವರ್ಷದಲ್ಲಿ ಆ ದಾರಿಗೆ ಬೇರೆ ಟೈಮ್ ಇದೆ ಅಂತಲೇ ನನಗೆ ಹೊಳೆದಿರಲಿಲ್ಲ. ಹರಿದು ಹಾಕಿ ಮತ್ತೆ ಬರೆದೆ. ಎರಡನೇ ಸಲ ನೋಡಿದವಳು ಹಣೆ ಚಚ್ಚಿಕೊಂಡಳು. ಕಾಲಿನ ಟೈಮ್ ಸರಿಯಿತ್ತು, ಆದರೆ ಸಂಜೆ ಕುಮಟೆಗೆ ವಾಪಸ್ ಟ್ರಿಪ್ಪೂ ಬರೆದುಬಿಟ್ಟಿದ್ದೆ.

ಅಯ್ಯೋ ಪಾಪ

ಗುರುವಾರ ಬೆಳಿಗ್ಗೆ ಹೊರಟೆ. ಹಿಂದಿನಿಂದ ಬಂದ ಬಸ್ಸೆಲ್ಲ ನನ್ನ ಪಕ್ಕ ಬಂದು ನಿಂತವು. "ಹತ್ತಾ ಮಾರಾಯ!" "ಇಲ್ಲಪ್ಪ, ಹರಕೆ." ಹೀಗೆ ಹೇಳುತ್ತ ಹೇಳುತ್ತ ಅರ್ಧ ತಾಸು ಹಾಳು. ಕೋಪ ನೆತ್ತಿಗೇರಿತು. ಆಮೇಲೆ ಬಂದವರಿಗೆ ಬಾಯಿಬಿಡದೆ ಬರೀ ಕೈಬೀಸಿದೆ. ಅದೇ ತಪ್ಪಾದದ್ದು.

ಹೊನ್ನಾವರದ ಹತ್ತಿರ, ದಿನಾ ನಮ್ಮ ಬಸ್ಸಿಗೆ ಬರುವ, ಅಲ್ಲೇ ಹೊಳೆಯಾಚೆಯ ಕಾಸರಕೋಡಿನ ಮೀನು ಮಾರುವ ಅಕ್ಕ ಬುಟ್ಟಿ ಇಳಿಸಿ ನನ್ನನ್ನೇ ನೋಡಿದಳು. ಬರಿಗಾಲು, ಹೆಗಲಿಗೆ ಚೀಲ, ಮೈಮೇಲೆ ಯೂನಿಫಾರಂ ಇಲ್ಲ.

"ಸಸ್ಪೆಂಡ್ ಮಾಡಿದ್ರನಾ ತಮಾ?"

ನಾನು ಇಲ್ಲ ಅನ್ನುವುದರೊಳಗೆ ಅವಳು ಬಸ್ ಹತ್ತಿಯಾಗಿತ್ತು. ನಾನು ಶುಕ್ರವಾರ ಮಧ್ಯಾಹ್ನ ಕುಂಟುತ್ತ ಭಟ್ಕಳ ಮುಟ್ಟಿದೆ. ನನ್ನ ಸಸ್ಪೆಂಡಿನ ಸುದ್ದಿ ಹಿಂದಿನ ದಿನವೇ ಬಸ್ಸಿನಲ್ಲಿ ಆರಾಮವಾಗಿ ಬಂದು ಮುಟ್ಟಿತ್ತು.

ಬೈಂದೂರು, ಬೈಂದೂರು!

ಭಟ್ಕಳದ ನಿಲ್ದಾಣದ ಬೆಂಚಿನ ಮೇಲೆ ಐದೇ ನಿಮಿಷ ಅಂತ ಅಡ್ಡಾದೆ. ಅಂಗಾಲೆಲ್ಲ ಬೊಕ್ಕೆ, ಮೈಮೇಲೆ ಪ್ರಜ್ಞೆಯೇ ಇಲ್ಲದ ನಿದ್ದೆ ಹತ್ತಿತು. ಯಾವಾಗಲೋ "ಬೈಂದೂರು" ಅಂತ ಯಾರೋ ಕೂಗಿದ್ದು ಕೇಳಿತು. ಅಭ್ಯಾಸ ಬಿಡುತ್ತದೆಯೇ? ಕಣ್ಣುಮುಚ್ಚಿಯೇ ನಾನೂ ಕೂಗಿದೆ: "ಬೈಂದೂರು ಯಾರ್ರೀ, ಬೇಗ ಇಳೀರಿ!"

ಕಣ್ಣು ಬಿಟ್ಟರೆ ಬಸ್ಸಿನ ಸೀಟಿನಲ್ಲಿದ್ದೆ! "ಪಾಪ, ಕೆಲಸ ಹೋದವ, ಕಾಲೂ ಹೋಗೂದು ಬೇಡ ಅಂತ ನಾವೇ ನಾಕು ಜನ ಎತ್ತಿ ಮಲಗಿಸಿದ್ವಿ" ಅಂದ ಆ ಬಸ್ಸಿನ ಕಂಡಕ್ಟರ್, ಉಪಕಾರ ಮಾಡಿದ ಮುಖದಲ್ಲಿ.

ಧಡಕ್ಕನೆ ಎದ್ದು ಬೈಂದೂರಲ್ಲೇ ಇಳಿದೆ. ಹರಕೆ ಮುರಿಯಿತು, ಮಗುವಿನ ಅನ್ನಕ್ಕೆ ಕಲ್ಲು ಹಾಕಿದೆ ಅಂತ ಹೆಂಡತಿಗೆ ಫೋನ್ ಮಾಡಿದೆ.

ಅವಳು ಅಲ್ಲೇ ಲೆಕ್ಕ ಹಾಕಿದಳು. "ಬಸ್ಸಲ್ಲಿ ಎಷ್ಟು ಮುಂದೆ ಹೋದ್ರೋ ಅಷ್ಟೇ ಹಿಂದೆ ಬಸ್ಸಲ್ಲೇ ಬನ್ನಿ. ಅದಕ್ಕೆ ಇದು ವಜಾ ಆತು. ಆ ಬೆಂಚಿನಿಂದಲೇ ಮತ್ತೆ ನಡೀರಿ."

ವಾಪಸ್ ಬಸ್ಸಿನಲ್ಲಿ ಕೂತವನಿಗೆ ಅಳು ತಡೆಯಲಾಗಲಿಲ್ಲ. ಅರ್ಧ ದಿನ ಹೋಯಿತು, ಈ ಕಾಲಲ್ಲಿ ಹನ್ನೊಂದಕ್ಕೆ ಮುಟ್ಟುವುದುಂಟೇ? ಬೇರೆ ದಾರಿ ಕಾಣದೆ ದೇವಿಗೆ ಕೈಮುಗಿದು ಒಂದು ಮಾತು ಹೇಳಿಕೊಂಡೆ.

ಹತ್ತೂ ಐವತ್ತು

ಭಾನುವಾರ ಹತ್ತೂ ಐವತ್ತಕ್ಕೆ ಕೊಲ್ಲೂರಿನ ದೇವಸ್ಥಾನದ ಬಾಗಿಲಲ್ಲಿದ್ದೆ. ಮಗಳು ಓಡಿ ಬಂದು ಮಗುವನ್ನು ನನ್ನ ಕೈಗಿಟ್ಟಳು. ಮೊಮ್ಮಗಳು ಮೊದಲ ತುತ್ತು ಚಪ್ಪರಿಸಿ ನುಂಗಿದಾಗ ನನ್ನ ಕಾಲಿನ ಉರಿ ಎಲ್ಲಿ ಹೋಯಿತೋ. ಹೆಂಡತಿ ನನ್ನ ಪಾದ ನೋಡಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

"ಮುಟ್ಟೂದಿಲ್ಲ ಅಂತಲೇ ನನ್ನ ಜೀವ ಹೋಗಿತ್ತು. ಹೆಂಗೆ ಬಂದ್ರಿ?"

"ಆ ವಾಪಸ್ ಬಸ್ಸಲ್ಲಿ ನಾನೂ ಒಂದು ಹರಕೆ ಹೊತ್ತೆ."

"ಹೌದಾ? ಎಂತ ಅಂತ?"

"ಮುಹೂರ್ತದೊಳಗೆ ಮುಟ್ಟಿದ್ರೆ, ಬರೂ ವರ್ಷ ನನ್ನ ಹೆಂಡತಿ ಕುಮಟೆಯಿಂದ ಬರಿಗಾಲಲ್ಲಿ ನಡ್ಕಂಡು ಬರ್ತಾಳೆ ಅಂತ."

ಸೆರಗು ಕೈಯಲ್ಲೇ ಉಳಿಯಿತು. "ಎಂತದು ಇದು! ಕಾಲು ನಂದು, ನನ್ನ ಒಂದು ಮಾತು ಕೇಳಬೇಡವಾ?"

"ಕೇಳೂದು ಹೆಂಗೆ?" ಅಂದೆ. "ಆಗ ನಾ ಅಳ್ತಾ ಇದ್ದೆ."