ಕನ್ನಡಿ ಕಾನೂನು

ಬ್ಯಾಗಿನಂಗಡಿ ಯಜಮಾನರಿಗೆ ಸೂಟ್‌ಕೇಸು ಮಾರಿದಷ್ಟೇ ಸಲೀಸಾಗಿ ಉಪದೇಶ ಕೊಡಲೂ ಬರುತ್ತಿತ್ತು. ವ್ಯತ್ಯಾಸ ಇಷ್ಟೇ: ಸೂಟ್‌ಕೇಸನ್ನು ಜನ ಕೇಳಿ ಕೊಳ್ಳುತ್ತಿದ್ದರು.

ಅವರ ಎಂಟು ವರ್ಷದ ಮಗಳು (ಮನೆಯವರ ಬಾಯಲ್ಲಿ ಚಿನಕುರುಳಿ) ತರಗತಿಯ ವಾಟ್ಸಾಪ್ ಗುಂಪಿನಲ್ಲಿ, ಗೆಳತಿ ಬರೆದ ಕುದುರೆಯ ಚಿತ್ರಕ್ಕೆ "ಮೇಜಿಗೆ ಬಾಲ ಬಂದಂಗಿದೆ" ಎಂದು ಅಪ್ಪನ ಫೋನಿನಿಂದ ಬರೆದುಬಿಟ್ಟಿದ್ದಳು. ತರಗತಿಗೆ ತರಗತಿಯೇ ನಕ್ಕಿತು. ಆ ಗೆಳತಿ ಠೂ ಬಿಟ್ಟು ನಾಲ್ಕು ದಿನವಾಗಿತ್ತು. ಚಿನಕುರುಳಿಯ ಬುತ್ತಿ ಅರ್ಧಕ್ಕರ್ಧ ಹಾಗೇ ವಾಪಸು ಬರುತ್ತಿತ್ತು.

"ತಪ್ಪಾಯ್ತು ಅಂತ ಒಂದು ಮಾತು ಕಳಿಸೇ," ಎಂದಳು ಅಮ್ಮ.

"ನಾನ್ಯಾಕೆ? ಕುದುರೆ ಹಾಗೇ ಇತ್ತು."

ಯಜಮಾನರು ಗಂಟಲು ಸರಿಮಾಡಿಕೊಂಡು ರಾಜಶಾಸನ ಹೊರಡಿಸಿದರು: "ಇನ್ಮೇಲೆ ಈ ಮನೇಲಿ ಯಾರೇ ಫೋನಲ್ಲಿ ಏನೇ ಬರೆದ್ರೂ, ಕಳಿಸೋ ಮೊದಲು ಕನ್ನಡಿ ಮುಂದೆ ನಿಂತು ಜೋರಾಗಿ ಓದ್ಬೇಕು. ಮುಖ ನೋಡಿ ಹೇಳಕ್ಕಾಗದ ಮಾತನ್ನ ಅಳಿಸ್ಬೇಕು."

"ಯಾರೇ ಅಂದ್ರೆ?"

"ಯಾರೇ ಅಂದ್ರೆ ಯಾರೇ!"

(ವ್ಯಾಪಾರಸ್ಥರು ಕರಾರಿನಲ್ಲಿ ಇಷ್ಟು ಸಡಿಲ ಮಾತು ಬಿಡಬಾರದು.)

ಶನಿವಾರ ಮಧ್ಯಾಹ್ನ ಮಗಳು ಅಂಗಡಿಯಲ್ಲಿದ್ದಳು. ಆಗಲೇ ಯಜಮಾನರ ಫೋನಿಗೆ ಅಂಗಡಿಯ ಬಗ್ಗೆ ಗಿರಾಕಿಯೊಬ್ಬರ ಅಭಿಪ್ರಾಯ ಬಂತು. ಐದರಲ್ಲಿ ಒಂದೇ ನಕ್ಷತ್ರ. "ಮರುದಿನವೇ ಚಕ್ರ ಕಿತ್ತುಬಂತು. ಸೂಟ್‌ಕೇಸನ್ನು ಮಗುವಿನ ಹಾಗೆ ಎತ್ತಿಕೊಂಡು ರೈಲು ಹತ್ತಿದೆ." ಯಜಮಾನರ ಹೆಬ್ಬೆರಳುಗಳು ರುದ್ರತಾಂಡವವಾಡಿದವು. ಉತ್ತರ ಸಿದ್ಧವಾಯಿತು. ಇನ್ನೇನು ಕಳಿಸಬೇಕು—

"ಅಪ್ಪಾ, ಕನ್ನಡಿ."

"ಇದು ವ್ಯಾಪಾರ ಕಣೇ."

"ಯಾರೇ ಅಂದ್ರೆ ಯಾರೇ. ನೀನೇ ಮಾಡಲ್ಲ ಅಂದ್ಮೇಲೆ ನಾನೂ ಮಾಡಲ್ಲ."

ಇಲ್ಲಿ ತಪ್ಪಿಸಿಕೊಂಡರೆ ಮಗಳ ಠೂ ಮುಗಿಯುವುದಿಲ್ಲ. ಗಿರಾಕಿಗಳು ಬ್ಯಾಗು ಹೆಗಲಿಗೇರಿಸಿ ನೋಡಿಕೊಳ್ಳುವ ನಿಲುವುಗನ್ನಡಿಯ ಮುಂದೆ ಯಜಮಾನರು ನಿಂತು ಓದಿದರು: "ಸೂಟ್‌ಕೇಸಿಗೆ ಬಟ್ಟೆ ತುಂಬಬೇಕು, ಇಡೀ ಮನೆ ತುಂಬಬಾರದು! ನಿಮ್ಮಂಥವರಿಗೆ ಗೋಣಿಚೀಲವೇ..."

ಕನ್ನಡಿಯಲ್ಲಿ, ಅವರ ಹೆಗಲ ಹಿಂದೆ, ಇನ್ನೊಂದು ಮುಖ ಮೂಡಿತು. ವಯಸ್ಸಾದ ಹೆಂಗಸು. ಕಂಕುಳಲ್ಲಿ ಮೂರು ಚಕ್ರದ ಕೆಂಪು ಸೂಟ್‌ಕೇಸು.

"ಗೋಣಿಚೀಲವೇ... ಮುಂದೆ ಹೇಳಪ್ಪ?" ಎಂದರು ಆಕೆ.

"ಗೋಣಿಚೀಲವೇ... ಗಟ್ಟಿ ಅಮ್ಮಾ, ನಮ್ಮ ಸೂಟ್‌ಕೇಸಿಗಿಂತ." ಹದಿನೈದು ವರ್ಷದ ವ್ಯಾಪಾರದಲ್ಲಿ ಮೊದಲ ಸಲ ಯಜಮಾನರ ಬಾಯಿಂದ ಸತ್ಯ ಜಾರಿತ್ತು. "ತಪ್ಪಾಯ್ತು. ಕೂತ್ಕೊಳ್ಳಿ, ಈಗಲೇ ಬೇರೆ ಚಕ್ರ ಹಾಕ್ಕೊಡ್ತೀನಿ."

ಅವರು ನೆಲದಲ್ಲಿ ಕೂತು ಸ್ಕ್ರೂ ತಿರುಗಿಸುತ್ತಿದ್ದಾಗ ಕನ್ನಡಿಯ ಕಡೆಯಿಂದ ಸಣ್ಣ ದನಿ ಕೇಳಿತು. "ನಿನ್ನ ಕುದುರೆಗೆ ನಾನು ಹಾಗನ್ನಬಾರದಿತ್ತು. ಎಲ್ಲರ ಮುಂದೆ ಅಂದಿದ್ದೆ, ಅದಕ್ಕೇ ಎಲ್ಲರ ಮುಂದೇನೇ ಹೇಳ್ತಿದೀನಿ. ಸೋಮವಾರ ನನ್ನ ಪಕ್ಕ ಕೂರ್ತೀಯಾ?" ಚಿನಕುರುಳಿ ಎರಡು ಸಲ ಓದಿ ಕಳಿಸಿದಳು. ಯಜಮಾನರಿಗೆ ಯಾಕೋ ಸ್ಕ್ರೂ ಮಂಜುಮಂಜಾಗಿ ಕಂಡಿತು.

ಉತ್ತರವಾಗಿ ಒಂದು ಚಿತ್ರ ಬಂತು: ಬಾಲವಿರುವ ಮೇಜು, ಅದರ ಮೇಲೆ ಸವಾರಿ ಹೊರಟ ಇಬ್ಬರು ಹುಡುಗಿಯರು.

ಊಟಕ್ಕೆ ಕೂತಾಗ ಯಜಮಾನರು ತಮ್ಮ ಕಾನೂನಿನ ದಿಗ್ವಿಜಯವನ್ನು ಹೆಂಡತಿಗೆ ವರ್ಣಿಸಿ, ಮೊದಲ ತುತ್ತು ಬಾಯಿಗಿಟ್ಟರು. "ಇದೇನೇ, ಉಪ್ಪು..."

"ರೀ, ಊಟದ ಮಾತಿಗೂ ನಿಮ್ಮ ಕಾನೂನು ಉಂಟೋ?"

"ಏನೇ ಅಂದ್ರೆ ಏನೇ," ಎಂದಳು ಚಿನಕುರುಳಿ.

ಯಜಮಾನರು ತಟ್ಟೆ ಹಿಡಿದು ಕೈತೊಳೆಯುವ ಜಾಗದ ಕನ್ನಡಿಯ ಮುಂದೆ ನಿಂತರು. ಹೆಗಲ ಹಿಂದೆ ಹೆಂಡತಿಯ ಮುಖ ಕಂಡಿತು, ಅದರ ಪಕ್ಕದಲ್ಲೇ ಸೌಟು.

"ಉಪ್ಪು ಹದವಾಗಿದೆ," ಎಂದರು ಕನ್ನಡಿಗೆ.