ಬಸ್ಸಿನ ಸುದ್ದಿಗೆ ಮೂರು ಕತ್ತರಿ

ಒಂದು ದೋಸೆ ಮಗುಚೋದಕ್ಕೂ ಬಿಡಲ್ಲ, ನನ್ನ ಗಂಡ ಮತ್ತೆ ಕರೆದರು. ನಮ್ಮವರು ಖಾಸಗಿ ಚಾನೆಲ್ ಒಂದಕ್ಕೆ ಮನೆಯಲ್ಲೇ ಕೂತು ಸುದ್ದಿ ಎಡಿಟ್ ಮಾಡುತ್ತಾರೆ. "ಹತ್ತನೇ ಕ್ಲಾಸು ಓದಿದ ನಿನಗೆ ಅರ್ಥವಾದರೆ ಎಲ್ಲರಿಗೂ ಅರ್ಥವಾಗುತ್ತೆ" ಅಂತ ಮೊದಲು ನನಗೇ ತೋರಿಸೋದು. ಹಾಗಾಗಿ ನಮ್ಮ ಮನೆಯಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಕಳೆದ ಬೇಸಿಗೆಯ ಬಸ್ಸಿನ ಸುದ್ದಿ ನೆನೆಸಿಕೊಂಡರೆ ಮಾತ್ರ ನಗುವಾಗಲೇ ಮೈ ಜುಮ್ಮೆನ್ನುತ್ತೆ.

1. ಬಸ್ಸು

ಕೊಲ್ಲಿ ದೇಶದ ಈ ಅಲ್ ಖೋರ್‌ನಲ್ಲಿ ನಮ್ಮ ಪಕ್ಕದ ಮನೆಯವರು ಉಡುಪಿ ಕಡೆಯವರು. ಆ ಮನೆಯಾಕೆಯ ಗಂಡ ಕೆಲಸಕ್ಕೆ ಹೋಗುವ ಬಸ್ಸಿನ ಎಸಿ ಕೆಟ್ಟು ತಿಂಗಳಾಗಿತ್ತು. ಒಮ್ಮೆ ಅದರಲ್ಲೇ ತಲೆ ತಿರುಗಿ ಬಿದ್ದಿದ್ದರು. ಟಿವಿಯಲ್ಲಿ ಬಂದರೆ ರಿಪೇರಿ ಮಾಡಿಯಾರು ಅಂತ, ಓಡುವ ಅದೇ ಬಸ್ಸಿನಲ್ಲಿ ಏಳು ಜನರ ಜೊತೆ ಕೂತು ಧೈರ್ಯವಾಗಿ ನಮ್ಮವರ ಚಾನೆಲ್ಲಿನ ಕ್ಯಾಮೆರಾ ಮುಂದೆ ಮಾತಾಡಿದರು.

ಆದರೆ ಬಸ್ಸಿನ ಮಾಲೀಕರು ಚಾನೆಲ್‌ಗೆ ಜಾಹೀರಾತು ಕೊಡುವವರು. ಬಸ್ಸು ಕಾಣಬಾರದು ಅಂತ ಜಾಹೀರಾತು ವಿಭಾಗ ಹೇಳಿತು. ನಮ್ಮವರು ದಿನವಿಡೀ ಕೂತು ವಿಡಿಯೋದಿಂದ ಬಸ್ಸನ್ನಷ್ಟೇ ಅಳಿಸಿದರು. ನೋಡಿದರೆ, ಮರಳುಗಾಡಿನ ಮೇಲೆ ಎಂಟು ಜನ ಗಾಳಿಯಲ್ಲಿ ಸಾಲಾಗಿ ಕೂತು, ಬೆವರುತ್ತಾ ತೇಲಿ ಹೋಗುತ್ತಿದ್ದಾರೆ. ತಿರುವಿನಲ್ಲಿ ಎಲ್ಲರೂ ಒಟ್ಟಿಗೆ ವಾಲುತ್ತಾರೆ!

"ರೀ, ಇವರು ಡ್ಯೂಟಿಗೆ ಹೋಗ್ತಿದ್ದಾರಾ, ಸತ್ತು ಮೇಲಕ್ಕೆ ಹೋಗ್ತಿದ್ದಾರಾ?"

2. ದನಿ

ಮರುದಿನ ಸಂಪಾದಕರು, "ಸೆಖೆ, ಕಷ್ಟ ಅಂದರೆ ಸರ್ಕಾರಕ್ಕೆ ಬೇಸರವಾಗಬಹುದು, ಮಾತು ತೆಗಿ" ಅಂದರು. ತೆಗೆದರು. ಎಂಟು ಬಾಯಿ ತೆರೆಯುತ್ತವೆ, ಮುಚ್ಚುತ್ತವೆ, ಒಂದರಿಂದಲೂ ಸದ್ದಿಲ್ಲ.

"ಸರ್ಕಾರದಿಂದ ಯಾರು ಫೋನ್ ಮಾಡಿದ್ರು?"

"ಯಾರೂ ಮಾಡಿಲ್ಲ. ಮಾಡೋ ಮುಂಚೆ ನಾವೇ ತೆಗೆದುಬಿಡೋದು."

"ಅಂದರೆ ರಿಂಗೇ ಆಗದ ಫೋನ್ ಎತ್ತಿಕೊಂಡು ಆಯ್ತು ಸಾರ್ ಅಂತೀರಿ!"

ಅವರು ನಗಲಿಲ್ಲ. ಕೆಲಸ ಹೋದರೆ ವೀಸಾನೂ ಖಲಾಸ್.

3. ಜನ

ಮೂಕರನ್ನು ನೋಡಿ ಸಂಪಾದಕರಿಗೇ ಹೆದರಿಕೆಯಾಯಿತಂತೆ. "ಬಸ್ಸು ವಾಪಸ್ ಹಾಕು, ಜನರನ್ನು ತೆಗಿ."

ಸುದ್ದಿ ಬರುವ ಸಂಜೆ ಪಕ್ಕದ ಮನೆಯಾಕೆ ಮಗಳನ್ನು ಕರೆದುಕೊಂಡು ನಮ್ಮ ಟಿವಿ ಮುಂದೆ ಬಂದು ಕೂತಳು. "ನಮ್ಮವರು ಈಗಲೂ ಅದೇ ಬಸ್ಸಲ್ಲಿ ಇದ್ದಾರೆ. ನೋಡಿಯಾದರೂ ಸರಿ ಮಾಡ್ತಾರಲ್ಲ ಮಾರಾಯ್ತಿ?" ನನ್ನ ಗಂಡ ಎದ್ದು ಅಡುಗೆಮನೆಗೆ ಹೋದರು, ಜೀವನದಲ್ಲೇ ಮೊದಲ ಸಲ ಪಾತ್ರೆ ತೊಳೆಯೋಕೆ.

ಟಿವಿಯಲ್ಲಿ ಬಸ್ಸು ಬಂತು. ಸಂಗೀತ ಬೇರೆ. "ಸಂತೃಪ್ತ ಪ್ರಯಾಣಿಕರು" ಅಂತ ಹೆಂಗಸಿನ ದನಿ. ಸೀಟುಗಳೆಲ್ಲ ಖಾಲಿ. ಯಾರೋ ಸರಿಸಿದ ಹಾಗೆ ಕಿಟಕಿಯ ಪರದೆ ತನ್ನಷ್ಟಕ್ಕೇ ಸರಿಯಿತು. ಒಂದು ಸೀಟಿನ ಮೇಲೆ, ಅಳಿಸಲು ಮರೆತ ನೀರಿನ ಬಾಟಲಿ ಮಾತ್ರ ಅತ್ತಿತ್ತ ಉರುಳುತ್ತಿತ್ತು.

"ಅದು ಅಪ್ಪಂದು! ಆ ಸ್ಟಿಕ್ಕರ್ ನಾನೇ ಅಂಟಿಸಿದ್ದು!" ಅಂತ ಮಗು ಕುಣಿಯಿತು. ಬಸ್ಸಿನ ಸುದ್ದಿ ಮುಗಿಯುವವರೆಗೂ ಎಲ್ಲ ಸೀಟುಗಳಲ್ಲೂ ಹುಡುಕಿ, ನನ್ನ ಕಡೆ ತಿರುಗಿ ಕೇಳಿತು:

"ಆಂಟಿ, ಅಪ್ಪ ಯಾವ ಸ್ಟಾಪಲ್ಲಿ ಇಳಿದದ್ದು?"